ಮಾವ ಹೆಡ್ ಮಾಸ್ತರು, ಅತ್ತಿಗೆ ಸೊಸಾಯಿಟಿ ಲೆಕ್ಕ, ನಾನು ಟೆಸ್ಟಿಂಗ್

ಶಿರಸಿಯಲ್ಲಿ ನಮ್ಮದೊಂದು ಸಣ್ಣ ಸಲಹಾ ಸಂಸ್ಥೆ ಇದೆ. ಶಾಲೆಗಳಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುತ್ತೇವೆ, ಪಿಯುಸಿ ಮುಗಿಸಿದ ಮಕ್ಕಳಿಗೆ ಸೀಟಿನ ದಾರಿ ಹೇಳುತ್ತೇವೆ. ಪಾಲುದಾರರು ನಾಲ್ವರು, ಒಂದೇ ಮನೆಯವರು: ಮಾವ, ಗಂಡ, ಅತ್ತಿಗೆ (ಗಂಡನ ಅಕ್ಕ), ನಾನು. ಹೊಸ ಶಾಲೆಗೆ ಹೋದಾಗ ಆಡಳಿತ ಮಂಡಳಿಯವರು ಮೊದಲು ಕೇಳುವುದು "ಯಾವ ಊರ ಪೈಕಿ?" ಎಂದು. ಅದಕ್ಕೆ ಉತ್ತರ ಸಲೀಸು. ಆಮೇಲೆ ಬರುವ "ಇದಕ್ಕೂ ಮೊದಲು ಎಂತ ಮಾಡ್ತಿದ್ರಿ?" ಎಂಬುದಕ್ಕೆ ಮಾತ್ರ ನಾಲ್ವರದೂ ನಾಲ್ಕು ಉತ್ತರ. ನಮ್ಮ ಕೆಲಸ ನಿಂತಿರುವುದು ಆ ನಾಲ್ಕು ಉತ್ತರಗಳ ಮೇಲೆಯೇ.

ಮನೆಯಲ್ಲಿ ತೋಟದ ವಿಷಯಕ್ಕೆ ಮಾವನ ಮಾತೇ ಕಡೆ. ಸಂಸ್ಥೆಗೂ ಅದೇ ಕ್ರಮ ಬಂದರೆ ಹೇಗೆ ಎಂಬುದು ಶುರುವಿನಲ್ಲಿ ಎಲ್ಲರ ಮನಸ್ಸಿನಲ್ಲಿದ್ದ, ಯಾರೂ ಬಾಯಿಬಿಟ್ಟು ಹೇಳದ ಪ್ರಶ್ನೆ. ಅದನ್ನು ಬಿಡಿಸಿದವರು ಅತ್ತಿಗೆ. ಸಹಕಾರಿ ಸೊಸಾಯಿಟಿಯೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆದವರು ಅವರು. 1932ರ ಪಾಲುದಾರಿಕೆ ಕಾಯ್ದೆಯ 5ನೇ ಕಲಂ ತೆರೆದು ಜಗಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಓದಿದರು. ಪಾಲುದಾರಿಕೆ ಹುಟ್ಟುವುದು ಕರಾರಿನಿಂದ, ಮನೆತನದ ಸ್ಥಾನದಿಂದಲ್ಲ ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಮಾವ ಸ್ವಲ್ಪ ಹೊತ್ತು ಕವಳ ಅಗಿಯುತ್ತ ಕೂತವರು "ಅಡ್ಡಿಲ್ಲೆ, ಹಾಂಗೇ ಬರೆ" ಎಂದರು.

ಹಾಗೆಯೇ ಬರೆದೆವು. ಯಾವ ಶಾಲೆಯ ಕೆಲಸ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಮಾವನದು. ಸಾಮಾನು ಖರೀದಿ, ವೈರಿಂಗ್, ಬ್ಯಾಟರಿ ಗಂಡನದು. ಹಣ ಅತ್ತಿಗೆಯದು. ಸಾಫ್ಟ್‌ವೇರ್ ಮತ್ತು ಮಕ್ಕಳ ಮಾಹಿತಿ ನನ್ನದು. ಅವರವರ ಕೆಲಸದಲ್ಲಿ ಅವರ ಮಾತೇ ಅಂತಿಮ. ಪಾಲುದಾರರ ಸಂಬಳವನ್ನೂ ಪಾಲುದಾರಿಕೆ ಪತ್ರದಲ್ಲಿ ನಮೂದಿಸಿದೆವು. ಅಲ್ಲಿ ಇಲ್ಲದಿದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. ಬಂಡವಾಳದ ಬಡ್ಡಿಗೂ ಶೇ. 12ರ ಮಿತಿ ಇದೆ. ಮನೆಯವರೇ ಅಲ್ಲವೇ ಎಂದು ಸಂಸ್ಥೆಯ ನೋಂದಣಿ ಬಿಡುವವರು ಬಹಳ. ನೋಂದಣಿ ಆಗದ ಸಂಸ್ಥೆ ಬಾಕಿ ವಸೂಲಿಗೆ ದಾವೆ ಹೂಡುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 69ನೇ ಕಲಂ. ಶಾಲೆಯ ಮೇಲೆ ದಾವೆ ಹೂಡುವ ಮನಸ್ಸು ನಮಗೇನಿಲ್ಲ. ಆದರೂ ಅತ್ತಿಗೆ ಕೇಳಬೇಕಲ್ಲ!

ಈಗ ಒಬ್ಬೊಬ್ಬರ ಹಿನ್ನೆಲೆ ಎಲ್ಲಿ ಕೆಲಸಕ್ಕೆ ಬಂತೆಂದು ಹೇಳುತ್ತೇನೆ.

ಮಾವ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಕಂಪ್ಯೂಟರ್ ಅವರಿಗೆ ಅಷ್ಟಕ್ಕಷ್ಟೆ. ಆದರೆ ಶಾಲೆಯ ವರ್ಷ ಹೇಗೆ ಓಡುತ್ತದೆ ಎಂಬುದು ಅಂಗೈಯಲ್ಲಿದೆ. ಜೂನಿನಲ್ಲಿ ದಾಖಲಾತಿ, ಮಕ್ಕಳ ವಿವರ ತುಂಬುವ ರಾಜ್ಯದ ಜಾಲತಾಣ ಎಸ್‌ಎಟಿಎಸ್; ಆಮೇಲೆ ಕೇಂದ್ರಕ್ಕೆ ಕೊಡುವ ಯುಡೈಸ್ ಎಂಬ ಶಾಲಾ ಮಾಹಿತಿ, ಹತ್ತನೆಯವರ ಪರೀಕ್ಷೆ ನೋಂದಣಿ; ಡಿಸೆಂಬರಿನಲ್ಲಿ ಪ್ರವಾಸ, ಸ್ನೇಹಸಮ್ಮೇಳನ; ನಂತರ ಪರೀಕ್ಷೆಯ ಗಡಿಬಿಡಿ. ಈ ನಡುವೆ ಹೆಡ್ ಮಾಸ್ತರಿಗೆ ಕೂತು ಮಾತಾಡಲು ಪುರಸೊತ್ತಿರುವ ದಿನಗಳು ಯಾವುವು ಎಂದು ಅವರಿಗೆ ಗೊತ್ತು; ಬೇರೆ ದಿನಗಳಲ್ಲಿ ನಮ್ಮನ್ನು ಕಳಿಸುವುದೇ ಇಲ್ಲ. ಹೊಸ ಶಾಲೆಯಲ್ಲಿ ಅವರು ಮೊದಲು ಕೇಳುವುದು ಲ್ಯಾಬಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು. ಹೆಡ್ ಮಾಸ್ತರ ಕಪಾಟಿನಲ್ಲಿ ಎಂಬ ಉತ್ತರ ಬಂದರೆ ಹೊಸ ಕಂಪ್ಯೂಟರಿನ ಮಾತನ್ನೇ ಎತ್ತುವುದಿಲ್ಲ. ಇರುವ ಯಂತ್ರಗಳು ದಿನಾ ಚಾಲೂ ಆಗುವ ವ್ಯವಸ್ಥೆ ಮೊದಲು ಆಗಲಿ ಎನ್ನುತ್ತಾರೆ.

ದಿನಾ ಚಾಲೂ ಆಗಬೇಕೆಂಬುದಕ್ಕೆ ಗಂಡ ಹೇಳುವ ಕಾರಣ ಬೇರೆ. ಅವನದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಪೇಟೆಯಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮಳೆಗಾಲದಲ್ಲಿ ಮುಚ್ಚಿಟ್ಟ ಯಂತ್ರದೊಳಗೆ ತೇವ ಕೂರುತ್ತದೆ, ಇರುವೆ ಗೂಡು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಶತ್ರು ಏಪ್ರಿಲ್-ಮೇ ತಿಂಗಳ ಸಿಡಿಲು. ತಾಮ್ರದ ಟೆಲಿಫೋನ್ ತಂತಿಯಲ್ಲಿ ಬಂದ ಮಿಂಚು ಮೋಡೆಮ್ ಸುಟ್ಟು, ಅಲ್ಲಿಂದ ಲ್ಯಾನ್ ವೈರಿನ ಗುಂಟ ಕಂಪ್ಯೂಟರಿಗೂ ಹೋಗುತ್ತಿತ್ತು. ಫೈಬರ್ ಗಾಜಿನದಾದ್ದರಿಂದ ಆ ದಾರಿ ಮುಚ್ಚಿತು. ಆದರೆ ಕರೆಂಟಿನ ದಾರಿ ಹಾಗೇ ಇದೆ. ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಸತ್ತಿರುತ್ತದೆ. ಹಾಗಾಗಿ ನಮ್ಮ ಅಂದಾಜು ಪಟ್ಟಿಯ ಮೊದಲ ಸಾಲು ಕಂಪ್ಯೂಟರಿನದಲ್ಲ, ಇದ್ದಿಲು-ಉಪ್ಪು ಹಾಕಿ ನೀರು ಬಿಡುವ ಅರ್ತಿಂಗ್ ಗುಂಡಿಯದು. ಅದನ್ನು ನೋಡಿ ನಕ್ಕ ಆಡಳಿತ ಮಂಡಳಿಯವರೂ ಇದ್ದಾರೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಬೇರೆಯವರು ಕಟ್ಟಿದ್ದನ್ನು ಕೆಡವಿ ನೋಡುವುದೇ ಸಂಬಳದ ಕೆಲಸ. ಇಲ್ಲಿ ಅದು ಮಕ್ಕಳ ಹೆಸರುಗಳಿಂದ ಶುರುವಾಯಿತು. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗಿನ ಹೆಗಡೆ, ಎಸ್‌ಎಟಿಎಸ್‌ನಲ್ಲಿ ಇನ್ನೊಂದರ ಹೆಗಡೆ, ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ ಮುಂದೆ. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಭಟ್ಟರು ಇರುವುದಂತೂ ನಮ್ಮ ಕಡೆ ಮಾಮೂಲು. ಎಂಟನೆಯ ತರಗತಿಯಲ್ಲೇ ಈ ಮೂರನ್ನೂ ಹೋಲಿಸಿ ತಾಳೆಯಾಗದ ಪಟ್ಟಿಯನ್ನು ಶಾಲೆಗೆ ಕೊಡುತ್ತೇವೆ. ನಾವು ಮಾಡುವ ಕೆಲಸದಲ್ಲಿ ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ, ಗಂಡ ಒಪ್ಪುವುದಿಲ್ಲ. ಇನ್ನು ಹಳೆ ನುಡಿ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಗಳನ್ನು ಯಾವ ಯಂತ್ರದಲ್ಲೂ ಓದಲು ಬರುವ ಯೂನಿಕೋಡಿಗೆ ತರುವುದು, ನೆಟ್ ಇಲ್ಲದ ಊರಿನ ಶಾಲೆಯಲ್ಲಿ ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ನೆಟ್ ಇಲ್ಲದೆಯೂ ಓದಲು ಬರುವ ತಂತ್ರಾಂಶ ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ ಇಡುವುದು ಇವೆಲ್ಲ ಇದ್ದೇ ಇವೆ.

ನಾಲ್ವರೂ ಒಂದೇ ಮೇಜಿಗೆ ಕೂರುವುದು ಸಿಇಟಿ ಕಾಲದಲ್ಲಿ. ಮಾವ ಗ್ರಾಮೀಣ ಮೀಸಲಾತಿಯ ಕಾಗದ ನೋಡುತ್ತಾರೆ. ಶೇ. 15 ಸೀಟು ಗ್ರಾಮೀಣ, ಶೇ. 5 ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ ಲೆಕ್ಕ ಮನೆಯದಲ್ಲ, ಶಾಲೆಯದು: ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಳ್ಳಿಯ ಮನೆಯಿಂದ ಬಸ್ಸಿನಲ್ಲಿ ಬಂದು ಶಿರಸಿ ಪೇಟೆಯ ಹೈಸ್ಕೂಲಿನಲ್ಲಿ ಓದಿದ ಮಗುವಿಗೆ ಅದು ಸಿಗುವುದಿಲ್ಲ. ಅಪ್ಪ ಅಮ್ಮ ನಂಬುವುದಿಲ್ಲ. ಹೆಡ್ ಮಾಸ್ತರು ಹೇಳಿದರೆ ನಂಬುತ್ತಾರೆ. ನಾನು ಹೇಳಿದರೆ ಇನ್ನೊಬ್ಬರನ್ನು ಕೇಳಿ ಬರುತ್ತಾರೆ.

ನನ್ನ ಪಾಲಿಗೆ ಬರುವುದು ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ಪಟ್ಟಿ ಮಾಡುವುದು. ತನ್ನ ರ‍್ಯಾಂಕಿಗೆ ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವ ಸೀಟೂ ಹೋಗುತ್ತದೆ ಎಂಬ ಹೆದರಿಕೆ ಬಹಳ ಮನೆಗಳಲ್ಲಿದೆ. ಹಾಗಾಗುವುದಿಲ್ಲ. ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ಆ ರ‍್ಯಾಂಕಿಗೆ ಸಿಗುವ ಮೊದಲ ಆಪ್ಶನ್ ಕೊಡುತ್ತಾರೆ. ಮೇಲಿನದು ಸಿಗದಿದ್ದರೆ ನಷ್ಟವೇನೂ ಇಲ್ಲ. ಹೀಗಾಗಿ ಇಷ್ಟದ ಕ್ರಮದಲ್ಲೇ ಬರೆಸುತ್ತೇನೆ. ಪ್ರತಿ ಸಾಲಿಗೂ ಮಗುವನ್ನೇ ಕೇಳುತ್ತೇನೆ: "ಇದೇ ಸಿಕ್ಕರೆ ನಿಜವಾಗಿ ಹೋಗ್ತೀಯಾ?" ಇಲ್ಲ ಎಂದರೆ ಆ ಸಾಲು ತೆಗೆಯುವುದು. ಮಾಜಾಳಿಯಲ್ಲಿರುವ ಕಾರವಾರದ ಸರಕಾರಿ ಇಂಜಿನಿಯರಿಂಗ್ ಕಾಲೇಜನ್ನು ಬರೆಯುವಾಗ ಅಪ್ಪಂದಿರು ಮುಖ ಮುಖ ನೋಡಿಕೊಳ್ಳುತ್ತಾರೆ, ಹುಬ್ಬಳ್ಳಿಯೋ ಬೆಂಗಳೂರೋ ಆಗಬೇಕಿತ್ತು ಎಂದು. ಆಗ ಅತ್ತಿಗೆ ಶುಲ್ಕ, ಹಾಸ್ಟೆಲ್, ಬಸ್ಸಿನ ನಾಲ್ಕು ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡುತ್ತಾರೆ. ಸೀಟು ಹಂಚಿಕೆಯಾದ ಮೇಲಿನ ನಾಲ್ಕು ಚಾಯ್ಸ್‌ಗಳನ್ನೂ ಬಾಯಿಪಾಠ ಮಾಡಿಸಿಯೇ ಕಳಿಸುತ್ತೇವೆ: ಒಂದು ಎಂದರೆ ಸೇರಿಬಿಡುವುದು, ಎರಡು ಎಂದರೆ ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು, ಮೂರು ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕು ಎಂದರೆ ಹೊರಬೀಳುವುದು. ಎರಡಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸ ತಿಳಿಯದೆ ಕೈಲಿದ್ದ ಸೀಟು ಬಿಟ್ಟವರು ಪ್ರತಿ ವರ್ಷ ಸಿಗುತ್ತಾರೆ.

ಸೀಟಿಗಿಷ್ಟು ಎಂದು ಕಮಿಷನ್ ಕೊಡಲು ಖಾಸಗಿ ಕಾಲೇಜುಗಳ ಕಡೆಯವರು ಬರುತ್ತಾರೆ. ತೆಗೆದುಕೊಳ್ಳುವುದಿಲ್ಲ. ಮಾವ ಪಾಠ ಹೇಳಿದ ಮಕ್ಕಳ ಮಕ್ಕಳೇ ಈಗ ನಮ್ಮ ಮುಂದೆ ಕೂರುವವರು. ಜಾತ್ರೆಪೇಟೆಯಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸುವ ಹಾಗಾಗಬಾರದು.

ಶಾಲೆಗಳಿಗೆ ಕೊಡುವ ಪರಿಚಯ ಪತ್ರಕ್ಕೂ ಕಟ್ಟುನಿಟ್ಟು ಇದೆ. ಕಾಗದ ತೋರಿಸಲು ಆಗುವ ಕೆಲಸವನ್ನಷ್ಟೇ ಬರೆಯುವುದು. 'ಶಿಕ್ಷಣ ತಜ್ಞ', 'ತಂತ್ರಜ್ಞಾನ ತಜ್ಞೆ' ಎಂಬ ಶಬ್ದಗಳನ್ನು ಮಾವನೇ ಹೊಡೆದು ಹಾಕಿದರು. ನಿವೃತ್ತ ಮುಖ್ಯೋಪಾಧ್ಯಾಯ ಎಂದರೆ ಸಾಕಂತೆ. ಯುಪಿಎಸ್ ರಿಪೇರಿ ಅಂಗಡಿ ಎಂದು ಬರೆಯಲು ಗಂಡನಿಗೆ ಮುಜುಗರವಿತ್ತು, ನಾನು ಹಟ ಹಿಡಿದು ಬರೆಸಿದೆ. ಈಗ ಶಾಲೆಯವರು ಮೊದಲು ಫೋನ್ ಮಾಡುವುದು ಅವನಿಗೇ. ಮಕ್ಕಳ ಮನಸ್ಸಿನ ಸಮಸ್ಯೆಗೆ ಸಲಹೆ ಕೊಡುವ ಓದು ನಮ್ಮಲ್ಲಿ ಯಾರಿಗೂ ಇಲ್ಲವೆಂದೂ ಅದರಲ್ಲೇ ಇದೆ. ಅಂಥ ಮಕ್ಕಳನ್ನು ವೈದ್ಯರ ಹತ್ತಿರ ಕಳಿಸುತ್ತೇವೆ. ಅತ್ತಿಗೆಯ ಗಂಡ, ಅಂದರೆ ನಮ್ಮ ಭಾವ, ಸರಕಾರಿ ಪಿಯು ಕಾಲೇಜಿನ ಉಪನ್ಯಾಸಕರು. ಭೌತಶಾಸ್ತ್ರದಲ್ಲಿ ಅವರ ಹೆಸರು ದೊಡ್ಡದು, ಪತ್ರದಲ್ಲಿದ್ದರೆ ಲಾಭವೂ ಇತ್ತು. ಸೇವೆಯಲ್ಲಿರುವ ಸರಕಾರಿ ನೌಕರರು ಪೂರ್ವಾನುಮತಿ ಇಲ್ಲದೆ ವ್ಯಾಪಾರ ನಡೆಸುವಂತಿಲ್ಲ. ಆದ್ದರಿಂದ ಅವರು ಪಾಲುದಾರರೂ ಅಲ್ಲ, ಅವರ ಹೆಸರೂ ಇಲ್ಲ.

ಬಿಲ್ಲಿನ ವಿಷಯದಲ್ಲಿ ಅತ್ತಿಗೆಯ ಹಳೆ ನೌಕರಿ ಇನ್ನೊಂದು ರೀತಿಯಲ್ಲಿ ಒದಗಿತು. ಖಾಸಗಿ ಶಾಲೆಗಳ ಆಡಳಿತ ಮಂಡಳಿಯಲ್ಲಿ ಇರುವವರು ಹೆಚ್ಚಿನವರು ಅಡಿಕೆ ಬೆಳೆಗಾರರು. ಮಾಲು ವ್ಯಾಪಾರಿ ಅಂಗಳಕ್ಕೆ, ಅಂದರೆ ಅಡಿಕೆ ಮಾರಾಟದ ಕಟ್ಟೆಗೆ, ಹೋಗಿ ಹಣವಾದ ಮೇಲೆ ದೇಣಿಗೆ ಬರುತ್ತದೆ. ನಮ್ಮ ಬಿಲ್ಲಿನ ಕಂತುಗಳನ್ನು ಅತ್ತಿಗೆ ಅದಕ್ಕೆ ಹೊಂದಿಸಿದ್ದಾರೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಶಾಲೆ ಮಕ್ಕಳ ಶುಲ್ಕಕ್ಕೆ ಜಿಎಸ್‌ಟಿ ಹಾಕುವುದಿಲ್ಲವಾದ್ದರಿಂದ ನಾವು ಹಾಕುವ ಶೇ. 18 ಅದಕ್ಕೆ ವಾಪಸು ಬರುವುದಿಲ್ಲ, ಪೂರ್ತಿ ಅದರ ತಲೆಯ ಮೇಲೆಯೇ. ಈ ಮಾತನ್ನು ಅತ್ತಿಗೆ ಮೊದಲ ಸಭೆಯಲ್ಲೇ ಹೇಳಿಬಿಡುತ್ತಾರೆ.

ಅತ್ತಿಗೆಯ ಮಗ ಈಗ ಬಿ.ಇ. ಕೊನೆಯ ವರ್ಷ. ಮುಗಿದ ಕೂಡಲೇ ನಮ್ಮಲ್ಲೇ ಸೇರುತ್ತೇನೆ ಎನ್ನುತ್ತಿದ್ದಾನೆ. ಮಾವನಿಗೆ ಖುಷಿ. ಬೇರೆ ಕಡೆ ಎರಡು ವರ್ಷ ಸಂಬಳಕ್ಕೆ ದುಡಿದು ಬಾ, ಪರಿಚಯ ಪತ್ರದಲ್ಲಿ ಬರೆಯಲು ಏನಾದರೂ ಬೇಕಲ್ಲ ಎಂದು ಹೇಳಿದ್ದು ಅವನ ಅಮ್ಮನೇ.