ಮೂರು ಎಸಳಿನ ಕವಾಟ, ನಡುವೆ ಒಂದು ತಂತಿ

ಪೇಸ್‌ಮೇಕರ್ ಹಾಕಲು ಶುರುಮಾಡಿದ ಮೊದಲ ಕೆಲವು ವರ್ಷ ನನ್ನ ಕಣ್ಣೆಲ್ಲ ಮೂರು ಅಂಕಿಗಳ ಮೇಲೆಯೇ ಇರುತ್ತಿತ್ತು. ಥ್ರೆಶೋಲ್ಡ್ (ಹೃದಯವನ್ನು ಬಡಿಸಲು ಬೇಕಾಗುವ ಕನಿಷ್ಠ ವಿದ್ಯುತ್) 1 ವೋಲ್ಟ್‌ಗಿಂತ ಕಡಿಮೆ ಇದೆಯೇ, ಆರ್ ವೇವ್ (ಹೃದಯದ ಸ್ವಂತ ಬಡಿತದ ಸಂಕೇತ) 5 ಮಿಲಿವೋಲ್ಟ್ ದಾಟಿದೆಯೇ, ಇಂಪಿಡೆನ್ಸ್ (ವಿದ್ಯುತ್ತಿಗೆ ಇರುವ ತಡೆ) ಸರಿಯಿದೆಯೇ. ಮೂರೂ ಸರಿಬಂದರೆ ಲೀಡನ್ನು, ಅಂದರೆ ಹೃದಯಕ್ಕೆ ವಿದ್ಯುತ್ ಮುಟ್ಟಿಸುವ ತಂತಿಯನ್ನು, ಹೊಲಿದು ಭದ್ರಮಾಡಿ, ಬ್ಯಾಟರಿಗೆ ಜೋಡಿಸಿ, ಗಾಯ ಮುಚ್ಚುತ್ತಿದ್ದೆ. ಬಲಗಡೆಯ ಕೆಳಕೋಣೆಯಾದ ಬಲ ಹೃತ್ಕುಕ್ಷಿಗೆ ಹೋಗುವ ಲೀಡ್, ಮೇಲಿನ ಕೋಣೆಯಾದ ಹೃತ್ಕರ್ಣದಿಂದ ಟ್ರೈಕಸ್ಪಿಡ್ ಕವಾಟವನ್ನು ದಾಟಿಯೇ ಹೋಗಬೇಕು. ಅಂದಿನಿಂದ ದಿನಕ್ಕೆ ಲಕ್ಷ ಸಲ ಆ ಕವಾಟ ಈ ತಂತಿಯನ್ನು ಪಕ್ಕದಲ್ಲಿಟ್ಟುಕೊಂಡೇ ತೆರೆದು ಮುಚ್ಚಬೇಕು. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗೆ ಮಾತ್ರ ಇಳಿದಿರಲಿಲ್ಲ.

ಕೈಗೆ ಇಳಿಸಿದ್ದು ಹಾವೇರಿ ಕಡೆಯ ಒಬ್ಬ ಅಜ್ಜಿ. ಕಂಪ್ಲೀಟ್ ಹಾರ್ಟ್ ಬ್ಲಾಕ್ ಆಗಿ (ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಕೋಣೆಗೆ ತಲುಪದೆ), ನಾಡಿ ಮೂವತ್ತರ ಆಸುಪಾಸಿಗೆ ಇಳಿದು, ಹೊಲದಲ್ಲಿ ಬಿದ್ದಿದ್ದರು. ಲೀಡ್ ಹಾಕಿದವನು ನಾನೇ. ಮೂರೂ ಅಂಕಿ ಚೆನ್ನಾಗಿದ್ದವು. ಒಂದೂವರೆ ವರ್ಷ ಕಳೆದ ಮೇಲೆ ಮಗನ ಜೊತೆ ಬಂದರು. “ತಲಿ ಸುತ್ತೂದು ನಿಂತೈತ್ರಿ ಸಾಹೇಬ್ರ, ಆದ್ರ ಚಪ್ಪಲಿ ಕಾಲಿಗೆ ಹಿಡಿವಲ್ಲವು ನೋಡ್ರಿ” ಅಂದರು. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಕುಳಿ ಹಾಗೇ ಉಳಿಯಿತು. ಕುತ್ತಿಗೆಯ ನರ ಕಿವಿಯ ಬುಡದವರೆಗೆ ಉಬ್ಬಿ, ಪ್ರತಿ ಬಡಿತಕ್ಕೂ ಎದ್ದು ಬೀಳುತ್ತಿತ್ತು. ಯಕೃತ್ತು ಕೈಗೆ ಸಿಗುವಷ್ಟು ದೊಡ್ಡದಾಗಿತ್ತು.

ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಕವಾಟದ ಸೋರಿಕೆ ಜೋರಾಗಿ ಕಂಡಿತು. ಏಕೆ ಸೋರುತ್ತಿದೆ ಎಂಬುದು ಮಾತ್ರ ಮಾಮೂಲಿ ಎಕೋದಲ್ಲಿ ತಿಳಿಯಲಿಲ್ಲ. ಲೀಡಿನ ನೆರಳು ಬಿದ್ದು ಹಿಂದಿನದು ಮರೆಯಾಗುತ್ತದೆ, ಸೋರಿಕೆಯೂ ಎಷ್ಟೋ ಸಲ ಇರುವುದಕ್ಕಿಂತ ಕಡಿಮೆಯೇ ಕಾಣುತ್ತದೆ. ತ್ರೀಡಿ ಎಕೋ ಮಾಡಿದಾಗ ಕವಾಟ ಎದುರಿಗೆ ಹರಡಿಕೊಂಡಿತು. ಮೂರು ಎಸಳು. ಅದರಲ್ಲಿ ನಡುಗೋಡೆಯ ಕಡೆಯ ಸೆಪ್ಟಲ್ ಎಸಳನ್ನು ಲೀಡ್ ಗೋಡೆಗೆ ಒತ್ತಿ ಹಿಡಿದಿತ್ತು. ಉಳಿದೆರಡು ಎಸಳು ಪ್ರತಿ ಬಡಿತಕ್ಕೂ ಬಂದು ಅದನ್ನು ಮುಟ್ಟಲು ನೋಡುತ್ತಿದ್ದವು, ಮುಟ್ಟಲು ಆಗುತ್ತಿರಲಿಲ್ಲ. ಆ ಚಿತ್ರವನ್ನು ನಾನು ತುಂಬ ಹೊತ್ತು ನೋಡಿದೆ.

ಆಮೇಲೆ ಅವರ ಪ್ರೊಸೀಜರಿನ ರೆಕಾರ್ಡಿಂಗ್ ತೆಗೆಸಿದೆ. ಲೀಡಿನೊಳಗೆ ನೇರವಾದ ಗಟ್ಟಿ ಸ್ಟೈಲೆಟ್ (ಲೀಡಿಗೆ ಬಿಗಿ ಕೊಡುವ ಸಣ್ಣ ಕಡ್ಡಿತಂತಿ) ಇಟ್ಟುಕೊಂಡು ಲೀಡಿನ ತುದಿಯನ್ನು ಒಂದೇ ನೂಕಿಗೆ ಕವಾಟ ದಾಟಿಸಿದ್ದೆ. ಕೊನೆಯಲ್ಲಿ ಬಲ ಹೃತ್ಕರ್ಣದಲ್ಲಿ ಬಿಟ್ಟಿದ್ದ ಸಡಿಲು ಹೆಚ್ಚಾಗಿ, ಆ ಬಾಗು ಕವಾಟದ ಮೇಲೆ ವಾಲಿಕೊಂಡಿತ್ತು. ಮೊದಲಿನ ಎಕೋ ವರದಿಯಲ್ಲಿ ಎಡ ಹೃತ್ಕುಕ್ಷಿ ಚೆನ್ನಾಗಿದೆ ಎಂಬ ಒಂದು ಸಾಲು ಬಿಟ್ಟರೆ ಟ್ರೈಕಸ್ಪಿಡ್ ಬಗ್ಗೆ ಮಾತೇ ಇರಲಿಲ್ಲ. ಮೊದಲು ಸೋರಿಕೆ ಇತ್ತೋ ಇಲ್ಲವೋ ಎಂದು ಹೋಲಿಸಿ ನೋಡಲೂ ದಾರಿಯಿರಲಿಲ್ಲ.

ಈಗ ನಾನು ಮಾಡುವ ರೀತಿ ಬೇರೆ. ಲೀಡ್ ಹೃತ್ಕರ್ಣಕ್ಕೆ ಬಂದ ಮೇಲೆ ಸ್ಟೈಲೆಟ್ಟನ್ನು ಸ್ವಲ್ಪ ಹಿಂದಕ್ಕೆಳೆದು ಲೀಡನ್ನು ಮೆದು ಮಾಡಿಕೊಳ್ಳುತ್ತೇನೆ. ಅದು ಅಲ್ಲೇ ಕುಣಿಕೆಯಾಗಿ ಬಾಗುತ್ತದೆ. ಆ ಬಾಗನ್ನೇ ಮುಂದಕ್ಕೆ ನೂಕಿದರೆ ಕವಾಟ ದಾಟುವುದು ಚೂಪು ತುದಿಯಲ್ಲ, ನುಣುಪಾದ ಬಾಗು. ಅದು ಎಸಳನ್ನು ಚುಚ್ಚುವುದಿಲ್ಲ, ಸರಿಸಿಕೊಂಡು ಹೋಗುತ್ತದೆ. ಎಸಳುಗಳನ್ನು ಕೆಳಗಿನಿಂದ ಹಿಡಿದಿರುವ ಸಣ್ಣ ನೂಲುಗಳ ನಡುವೆ ತೂರಿ ಸಿಕ್ಕಿಕೊಳ್ಳುವ ಸಂಭವವೂ ಕಡಿಮೆ. ದಾಟಿದ ಮೇಲೆ ಬಾಗಿದ ಸ್ಟೈಲೆಟ್ ಹಾಕಿ ತುದಿಯನ್ನು ನಡುಗೋಡೆಗೆ ತಿರುಗಿಸುತ್ತೇನೆ. ಹಿಂದಕ್ಕೆಳೆಯುವಾಗ ಎಲ್ಲಾದರೂ ಜಗ್ಗಿದ ಹಾಗೆ ಬೆರಳಿಗೆ ತಿಳಿದರೆ, ಅಂಕಿ ಎಷ್ಟೇ ಚೆನ್ನಾಗಿರಲಿ, ಪೂರ್ತಿ ಹೊರಗೆಳೆದು ಮತ್ತೆ ದಾಟಿಸುತ್ತೇನೆ. ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಲೀಡ್ ಹೊಸದಾಗಿರುವಾಗ ಸರಾಗವಾಗಿ ಬರುತ್ತದೆ. ವರ್ಷಗಳು ಕಳೆದರೆ ನಾರುಗಟ್ಟಿ ಎಸಳಿಗೂ ರಕ್ತನಾಳಕ್ಕೂ ಅಂಟಿಕೊಳ್ಳುತ್ತದೆ, ಆಗ ಬಿಡಿಸುವುದೇ ಜೀವಕ್ಕೆ ಅಪಾಯ.

ಸಡಿಲು ಎಷ್ಟಿರಬೇಕು ಎಂಬುದಕ್ಕೆ ಅಳತೆಪಟ್ಟಿ ಇಲ್ಲ. ಬರೀ ಜಾಗ ಮರಗಟ್ಟಿಸಿ ಮಾಡುವ ಕೆಲಸವಾದ್ದರಿಂದ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಉದ್ದಕ್ಕೆ ಉಸಿರು ಎಳೆದುಕೊಳ್ಳಿ, ಕೆಮ್ಮಿ ಎಂದು ಹೇಳಿ ಎಕ್ಸ್‌ರೇ ತೆರೆಯ ಮೇಲೆ ನೋಡುತ್ತೇನೆ. ಉಸಿರೆಳೆದಾಗ ಲೀಡ್ ಬಿಗಿದರೆ ಕಡಿಮೆಯಾಯಿತು. ಉಸಿರು ಬಿಟ್ಟಾಗ ಕವಾಟದ ಕಡೆಗೆ ಜೋತುಬಿದ್ದರೆ ಹೆಚ್ಚಾಯಿತು. ಗಾಯ ಮುಚ್ಚುವ ಮೊದಲೇ ಎಕೋ ಮಶೀನನ್ನು ಕ್ಯಾತ್ ಲ್ಯಾಬಿಗೆ, ಈ ಕೆಲಸ ಮಾಡುವ ಕೋಣೆಗೆ, ತರಿಸುತ್ತೇನೆ. ಪಕ್ಕೆಲುಬಿನ ಕೆಳಗಿನಿಂದ ನೋಡಿದರೆ ಎಷ್ಟೋ ಸಲ ಸಾಕಾಗುವಷ್ಟು ಕಾಣುತ್ತದೆ.

ಪೇಸ್‌ಮೇಕರ್ ಹಾಕಿದವರಲ್ಲಿ ಸೋರಿಕೆ ಕಂಡರೆ ತಪ್ಪು ಯಾವಾಗಲೂ ತಂತಿಯದೇ ಆಗಿರುವುದಿಲ್ಲ. ಏಟ್ರಿಯಲ್ ಫಿಬ್ರಿಲೇಷನ್‌ನಿಂದ (ಹೃತ್ಕರ್ಣದ ಅಡ್ಡಾದಿಡ್ಡಿ ಬಡಿತದಿಂದ) ಹೃತ್ಕರ್ಣ ಹಿಗ್ಗಿ ಕವಾಟದ ಬಳೆಯೇ ಅಗಲವಾಗಿರಬಹುದು. ಶ್ವಾಸಕೋಶದ ಕಡೆ ಒತ್ತಡ ಹೆಚ್ಚಿರಬಹುದು. ಬಲಗಡೆಯಿಂದ ಬಡಿತ ಕೊಟ್ಟಾಗ ಎರಡೂ ಹೃತ್ಕುಕ್ಷಿಗಳು ಹೊಂದಿಕೊಂಡು ಕುಗ್ಗದಿರುವುದೂ ಕಾರಣವಾಗಬಹುದು. ಅದಕ್ಕೇ ಮೊದಲಿನ ಎಕೋ ಬೇಕು.

1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅರ್ನೆ ಲಾರ್ಸನ್ ಅವರಿಗೆ ಮೊದಲ ಪೇಸ್‌ಮೇಕರ್ ಅಳವಡಿಸಿದಾಗ ಈ ಪ್ರಶ್ನೆಯೇ ಇರಲಿಲ್ಲ. ಎದೆ ತೆರೆದು ಹೃದಯದ ಹೊರಮೈಗೆ ತಂತಿ ಹೊಲಿದಿದ್ದರು. ಈಗ ತಂತಿಯೇ ಇಲ್ಲದ ಪೇಸ್‌ಮೇಕರ್ ಇದೆ. ಅಂಥದ್ದೊಂದಾದ ಮೈಕ್ರಾಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ತೂಕ ಸುಮಾರು 2 ಗ್ರಾಂ, ಕವಾಟಕ್ಕೆ ಅಡ್ಡಲಾಗಿ ಏನೂ ಉಳಿಯುವುದಿಲ್ಲ. ನಮ್ಮಲ್ಲಿ ಬರುವ ಹೆಚ್ಚಿನ ಮನೆಗಳ ಕೈಗೆ ಅದರ ಬೆಲೆ ಎಟುಕುವುದಿಲ್ಲ.

ಅಜ್ಜಿಗೆ ಮೊದಲು ನೀರಿಳಿಸುವ ಮಾತ್ರೆ ಕೊಟ್ಟೆವು. ಅಷ್ಟರಲ್ಲೇ ಮುಗಿಯಲಿಲ್ಲ. ಅನುಭವಿ ಹಿರಿಯರೊಬ್ಬರು ಹಳೆಯ ಲೀಡ್ ಬಿಡಿಸಿ, ಕವಾಟ ದಾಟದ ಹಾಗೆ ಹೃದಯದ ಹಿಂಬದಿಯ ರಕ್ತನಾಳವಾದ ಕೊರೊನರಿ ಸೈನಸ್ ಮೂಲಕ ಹೊಸದನ್ನು ಎಡ ಹೃತ್ಕುಕ್ಷಿಯ ಮೇಲೆ ಕೂರಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಸೋರಿಕೆ ಪೂರ್ತಿ ಹೋಗಲಿಲ್ಲ, ಅರ್ಧದಷ್ಟು ಇಳಿಯಿತು. ಚಪ್ಪಲಿ ಕಾಲಿಗೆ ಹಿಡಿಯುವಂತಾಯಿತು.

ಅಂದಿನಿಂದ ಡಿಸ್ಚಾರ್ಜ್ ಕಾರ್ಡಿನಲ್ಲಿ ಬ್ಯಾಟರಿಯ ಮಾಡೆಲ್ ನಂಬರಿನ ಕೆಳಗೆ ಟ್ರೈಕಸ್ಪಿಡ್ ಸೋರಿಕೆ ಮೊದಲು ಎಷ್ಟು, ಲೀಡ್ ಹಾಕಿದ ಮೇಲೆ ಎಷ್ಟು ಎಂದು ನನ್ನ ಕೈಯಾರೆ ಬರೆಯುತ್ತೇನೆ. ಕಾಲು ಬಾತರೆ, ಹೊಟ್ಟೆ ಉಬ್ಬಿದರೆ ಬ್ಯಾಟರಿ ಚೆಕಪ್ಪಿನ ದಿನಕ್ಕೆ ಕಾಯದೆ ಎಕೋಗೆ ಬನ್ನಿ ಎಂದು ಮನೆಯವರಿಗೆ ಹೇಳಿ, ಅವರ ಬಾಯಲ್ಲೇ ಮತ್ತೊಮ್ಮೆ ಹೇಳಿಸಿ ಕಳಿಸುತ್ತೇನೆ.