ಜೋಗಕ್ಕೆ ಹೋದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ

ತುಮಕೂರಿನವರಿಗೆ ವಾರಾಂತ್ಯ ಅಂದರೆ ದೇವರಾಯನದುರ್ಗ, ನಾಮದ ಚಿಲುಮೆ, ಹೆಚ್ಚೆಂದರೆ ಶಿವಗಂಗೆ. ಬೈಕ್ ಹತ್ತಿ ಹೋಗಿ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರೆ ಭಾನುವಾರ ಮುಗೀತು. ಮದುವೆಯಾದಾಗಿನಿಂದ ನಾನೂ ಇವರೂ ಹಾಗೇ ಕಾಲ ಹಾಕುತ್ತಿದ್ದೆವು. ಜೋಗ ಮಾತ್ರ ಪ್ರತಿ ಮಳೆಗಾಲವೂ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಹಾಗೆ ನೋಡಿದರೆ ನಮ್ಮ ಮನೆ ಇರುವುದೇ ಬಿ.ಎಚ್. ರಸ್ತೆ ಪಕ್ಕದ ಬೀದಿಯಲ್ಲಿ. ಬೆಂಗಳೂರು–ಹೊನ್ನಾವರ ರಸ್ತೆ ಅದು. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಜೋಗದ ಹತ್ತಿರವೇ ಘಟ್ಟ ಇಳಿಯುತ್ತದೆ. ಮನೆ ಮುಂದಿನ ರಸ್ತೆ ಹಿಡಿದು ಹೋದರೆ ಜೋಗ. ಆದರೆ ದೂರ ಮುನ್ನೂರು ಕಿಲೋಮೀಟರ್ ಮೇಲೆ.

ಹೋಗಿಬಂದವರನ್ನು ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಜನ್ಮ ಸಾರ್ಥಕ ಆಯ್ತು ಅನ್ನುವವರು ಕೆಲವರು. ಬಂಡೆ ಮೇಲೆ ನಾಲ್ಕು ಗೆರೆ ನೀರು ಅಷ್ಟೇ ಅನ್ನುವವರು ಕೆಲವರು. ನಮ್ಮ ಪಕ್ಕದ ಮನೆಯವರಂತೂ ಬೆಳಗಾಗುವ ಮುಂಚೆ ಕಾರಲ್ಲಿ ಹೊರಟು, ಜೋಗದಲ್ಲಿ ಒಂದು ಗಂಟೆ ನಿಂತು, ಬರೀ ಮಂಜು ನೋಡಿಕೊಂಡು ಮಧ್ಯರಾತ್ರಿ ಮನೆಗೆ ಬಂದಿದ್ದರು. ಯಾರದ್ದೂ ಸುಳ್ಳಲ್ಲ. ಯಾವ ವಾರ ಹೋದಿರಿ, ಎಷ್ಟು ಹೊತ್ತು ಇದ್ದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೋಗಿಬಂದ ಮೇಲೆ ನನಗೆ ಇದು ಇನ್ನೂ ಗಟ್ಟಿಯಾಯಿತು.

ಮೊದಲು ವಾರದ ವಿಷಯ. ಮಳೆ ಜೋರಾಗಿದೆ ಅಂತ ಟಿವಿ ನೋಡಿಕೊಂಡು ಹೊರಟರೆ ಸಾಲದು. ಜೋಗಕ್ಕೆ ಬರುವ ಮುಂಚೆ ಶರಾವತಿಯನ್ನು ಲಿಂಗನಮಕ್ಕಿ ಅಣೆಕಟ್ಟು ಹಿಡಿದು ನಿಲ್ಲಿಸುತ್ತದೆ. 1964ರಲ್ಲಿ ಕಟ್ಟಿದ್ದು, ಜಲಪಾತದಿಂದ ಮೇಲಕ್ಕೆ ಆರು ಕಿಲೋಮೀಟರ್ ಆಸುಪಾಸು. ಅಲ್ಲಿನ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ದೊಡ್ಡ ಕೊಳವೆಗಳಲ್ಲಿ ಇಳಿದು, 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ನಡೆಸುತ್ತದೆ. ಅಂದರೆ ಹೊಳೆಯ ಬಹುಪಾಲು ನೀರಿಗೆ ಜೋಗದ ಬಂಡೆಯ ಗೊಡವೆಯೇ ಇಲ್ಲ. ಬಂಡೆ ಮೇಲಿಂದ ಬೀಳುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆ ನೀರು, ಮತ್ತೆ ಜಲಾಶಯ ತುಂಬಿ ಗೇಟು ಎತ್ತಿದರೆ ಬರುವ ನೀರು. ಬೇಸಿಗೆಯಲ್ಲಿ ಹೋದವರು ಬೈದುಕೊಂಡು ಬರುವುದು ಇದಕ್ಕೇ.

ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಪೇಪರಿನಲ್ಲಿ ದಿನಾ ಜಲಾಶಯಗಳ ಮಟ್ಟ ಬರುತ್ತದಲ್ವಾ, ನಾವು ತುಮಕೂರಿನವರು ಅದರಲ್ಲಿ ಹೇಮಾವತಿ ಒಂದನ್ನೇ ನೋಡುವವರು. ನಾಲೆಯಲ್ಲಿ ನೀರು ಬಿಟ್ಟು ಬುಗುಡನಹಳ್ಳಿ ಕೆರೆ ತುಂಬಿದರೆ ತಾನೇ ನಮ್ಮ ನಲ್ಲಿಗೆ ಜೀವ. ಆ ಜುಲೈಯಿಂದ ನನ್ನ ಕಣ್ಣು ಕೆಳಗಿನ ಸಾಲಿಗೂ ಇಳಿಯಿತು. ಮಟ್ಟ 1800 ದಾಟಿ ಏರುತ್ತಿದೆ, ಒಳಹರಿವೂ ಚೆನ್ನಾಗಿದೆ ಅಂದರೆ ಆ ಕಡೆ ಹದವಾಗಿ ಮಳೆ ಹೊಡೆಯುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಇದು ಕೂಡಿ ಬರುತ್ತದೆ.

ಗೇಟು ತೆಗೆದಾಗಲೇ ಹೋಗಬೇಕು ಅಂತ ತುಂಬ ಜನ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನೀರು ಜಾಸ್ತಿ ಬಿಟ್ಟರೆ ನಾಲ್ಕೂ ಕವಲು ಒಂದಾಗಿ ಕೆಂಪು ಗೋಡೆ ಥರ ಆಗುತ್ತದೆ. ಹನಿ ಮಂಜು ಎದ್ದು ಅದೂ ಮುಚ್ಚಿಹೋಗುತ್ತದೆ. ರಾಜ ಯಾವುದು, ರಾಣಿ ಯಾವುದು ಅಂತ ಬಿಡಿಬಿಡಿಯಾಗಿ ನೋಡುವ ಆಸೆ ಇದ್ದರೆ, ಜಲಾಶಯ ತುಂಬಲು ಇನ್ನೂ ಕೆಲವು ಅಡಿ ಬಾಕಿ ಇರುವ, ಮಳೆ ಮಾತ್ರ ಬಿಡದೆ ಬರುತ್ತಿರುವ ವಾರ ಒಳ್ಳೆಯದು.

ಆದರೆ ರೈಲಿನ ಬುಕಿಂಗ್ ಎರಡು ತಿಂಗಳು ಮೊದಲೇ ತೆರೆಯುತ್ತದೆ, ಮಳೆಯನ್ನು ಯಾರು ಬಲ್ಲರು? ನಾನು ಆಗಸ್ಟಿನ ಎರಡು ವಾರಾಂತ್ಯಕ್ಕೂ ಸ್ಲೀಪರ್ ಟಿಕೆಟ್ ತೆಗೆದಿಟ್ಟೆ. ಒಂದನ್ನು ಆಮೇಲೆ ರದ್ದು ಮಾಡಿದೆ, ತಲೆಗೆ 120 ರೂಪಾಯಿ ಹೋಯಿತು. ಇವರು ಅದಕ್ಕೂ ಗೊಣಗಿದರು. ರಾತ್ರಿಯ ಮೈಸೂರು–ತಾಳಗುಪ್ಪ ರೈಲು ಬೆಂಗಳೂರು ದಾಟಿ ತುಮಕೂರಿಗೆ ಬರುವಾಗ ಹನ್ನೆರಡರ ಆಸುಪಾಸು. ಟಿಕೆಟ್ ಮಾಡುವಾಗ ದಿನಾಂಕ ಸರಿಯಾಗಿ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಹತ್ತುತ್ತೇವೆ ಅಂದುಕೊಂಡರೂ ರೈಲ್ವೆ ಲೆಕ್ಕದಲ್ಲಿ ಅದು ಶನಿವಾರ ಆಗಿಬಿಡಬಹುದು. ಬೆಳಗ್ಗೆ ಕಣ್ಣು ಬಿಟ್ಟರೆ ಸಾಗರದ ಕಡೆಯ ಅಡಿಕೆ ತೋಟ, ಕಿಟಕಿ ತುಂಬ ಮಳೆ. ಕಾರಿನಲ್ಲಿ ಹೋಗುವವರು ಹೋಗಲಿ. ಹೆದ್ದಾರಿ ಕೆಲಸ, ಡೈವರ್ಷನ್, ಲಾರಿಗಳ ಮಧ್ಯೆ ಅಷ್ಟು ದೂರ ಗಾಡಿ ಓಡಿಸಿ ಜೋಗದ ಮುಂದೆ ತೂಕಡಿಸುವುದು ನಮಗೆ ಬೇಡವಾಗಿತ್ತು.

ತಾಳಗುಪ್ಪ ಕೊನೇ ಸ್ಟೇಷನ್. ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಇರಬಹುದು. ಬಸ್ಸೂ ಸಿಗುತ್ತದೆ, ಆಟೋದವರೂ ಕಾಯುತ್ತಿರುತ್ತಾರೆ. ಜಲಪಾತದ ಹತ್ತಿರವೇ ಇರುವ ಸರ್ಕಾರಿ ಹೋಟೆಲ್ ಮಯೂರ ಗೇರುಸೊಪ್ಪ ಮಳೆಗಾಲದ ಶನಿವಾರಗಳಲ್ಲಿ ಬೇಗ ತುಂಬುತ್ತದೆ. ನಾವು ತಲವಾಟದ ಕಡೆ ಒಂದು ತೋಟದ ಮನೆಯಲ್ಲಿ ರೂಮು ಹಿಡಿದಿದ್ದೆವು. ಹಂಡೆಯ ಬಿಸಿನೀರು, ನೀರು ದೋಸೆ, ಮಧ್ಯಾಹ್ನ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಮುದ್ದೆ ಇಲ್ಲದೆ ಊಟವೇ ಅಲ್ಲ ಅನ್ನುವ ನಮ್ಮ ಮನೆಯವರು ತಂಬುಳಿಯನ್ನು ಲೋಟದಲ್ಲಿ ಕುಡಿದರು. ತೋಟದಲ್ಲಿ ಓಡಾಡುವಾಗ ಇಂಬಳ, ಅಂದರೆ ಜಿಗಣೆ, ಹತ್ತುತ್ತವೆ. ಆ ಮನೆಯವರು ಒಂದು ಪೊಟ್ಟಣ ಉಪ್ಪು ಕೊಟ್ಟಿದ್ದರು, ಅದು ಸಾಕಾಯಿತು.

ಹನ್ನೊಂದರ ಹೊತ್ತಿಗೆ ಜೋಗದ ಮುಂದೆ ನಿಂತೆವು. ಏನೂ ಇಲ್ಲ. ಎದುರಿಗೆ ಬಿಳೀ ಪರದೆ, ಅದರ ಹಿಂದಿನಿಂದ ನಿಲ್ಲದ ಮೊರೆತ. ಕೊಡೆ ಹಿಡಿದರೂ ಪ್ರಯೋಜನವಿಲ್ಲ. ಕಣಿವೆಯ ಕೆಳಗಿನಿಂದ ಗಾಳಿ ಹನಿಗಳನ್ನು ಮೇಲಕ್ಕೆ ಎತ್ತುತ್ತದೆ, ಗಲ್ಲದ ಕೆಳಗೆ, ಕೊಡೆಯ ಒಳಮೈಗೆ ನೀರು. ಇವರು ಕನ್ನಡಕ ಒರೆಸಿ ಒರೆಸಿ ಸಾಕಾಗಿ ಜೇಬಿಗೆ ಹಾಕಿಕೊಂಡರು. ಟೆಂಪೋ ಟ್ರಾವೆಲರ್‌ನಲ್ಲಿ ಬಂದ ಒಂದು ಗುಂಪು ಆ ಬಿಳಿ ಪರದೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದು, ಸುಟ್ಟ ಜೋಳ ತಿಂದು, ಅರ್ಧ ಗಂಟೆಯಲ್ಲಿ ಹೊರಟಿತು. ಅವರಿಗೆ ಸಂಜೆ ಒಳಗೆ ಇನ್ನೂ ಎರಡು ಊರು ಬಾಕಿ ಇತ್ತಂತೆ. ನಮಗೆ ಎಲ್ಲಿಗೂ ಹೋಗುವುದಿರಲಿಲ್ಲ. ಸುಮ್ನೆ ನಿಂತೆವು.

ಆ ಗುಂಪಿನ ಗಾಡಿ ಹೊರಟು ಸ್ವಲ್ಪ ಹೊತ್ತಿಗೇ ಗಾಳಿ ತಿರುಗಿತು. ಮಂಜು ಎಡಗಡೆಯಿಂದ ಬಿಚ್ಚಿಕೊಂಡಿತು. ಮೊದಲು ರಾಜ. 253 ಮೀಟರ್, ಹಳೇ ಲೆಕ್ಕದಲ್ಲಿ 830 ಅಡಿ, ಬಂಡೆಗೆ ತಗುಲದೆ ನೇರ ಕೆಳಕ್ಕೆ. ಅದರ ಪಕ್ಕ ರೋರರ್. ಅದು ಬಂಡೆಗಳ ನಡುವೆ ಗುದ್ದಾಡಿಕೊಂಡು ಬಂದು ರಾಜನ ಜೊತೆ ಸೇರುತ್ತದೆ. ಗದ್ದಲವೆಲ್ಲ ಹೆಚ್ಚಾಗಿ ಅದರದ್ದೇ. ಆಮೇಲೆ ರಾಕೆಟ್, ಬಲತುದಿಗೆ ರಾಣಿ. ರಾಣಿಗೆ ಅವಸರ ಇಲ್ಲ, ಕಡೆದ ಮಜ್ಜಿಗೆಯ ನೊರೆ ಬಂಡೆ ಮೇಲೆ ಚೆಲ್ಲಿದ ಹಾಗೆ ಇಳಿಯುತ್ತಾಳೆ.

ಅಲ್ಲಿ ನಿಂತಾಗ ಒಂದು ಕೆಲಸ ಮಾಡಿ. ರಾಕೆಟ್‌ನ ನೆತ್ತಿಯಲ್ಲಿ ನೀರು ಮುದ್ದೆ ಮುದ್ದೆಯಾಗಿ ಹೊರಕ್ಕೆ ಚಿಮ್ಮುತ್ತದೆ. ಅದರಲ್ಲಿ ಒಂದೇ ಒಂದು ಮುದ್ದೆಯ ಮೇಲೆ ಕಣ್ಣಿಟ್ಟು ಅದರ ಜೊತೆಗೇ ಕೆಳಗೆ ಬನ್ನಿ. ಮೊದಲು ಅದಕ್ಕೆ ಬಾಲ ಬರುತ್ತದೆ. ಅರ್ಧ ದಾರಿಯಲ್ಲಿ ಬಾಲವೇ ಜಾಸ್ತಿ, ತಲೆ ಕಮ್ಮಿ. ತಳ ಮುಟ್ಟುವ ಮುಂಚೆ ಎಲ್ಲ ಪುಡಿ ಪುಡಿ. ದೂರದಿಂದ ನೋಡುವಾಗ ನಿಧಾನಕ್ಕೆ ಬೀಳುತ್ತಿದೆ ಅನ್ನಿಸುತ್ತದೆ, ಎತ್ತರ ಎಷ್ಟಿದೆ ಅಂತ ಆಗಲೇ ಹೊಟ್ಟೆಗೆ ತಟ್ಟುವುದು. ಇವರು ನನಗೆ ತೋರಿಸಿದ್ದು ಇದು. ಒಬ್ಬರು ಹೇಳಿದ ಮುದ್ದೆಯನ್ನು ಇನ್ನೊಬ್ಬರು ಹಿಡಿಯಲು ನೋಡುತ್ತಾ ಮಕ್ಕಳ ಹಾಗೆ ಆಡಿದೆವು. ಅಷ್ಟರಲ್ಲಿ ಮತ್ತೆ ಮಂಜು ಮುಚ್ಚಿತು. ತೆರೆಯಿತು. ಮುಚ್ಚಿತು. ಮಧ್ಯಾಹ್ನವೆಲ್ಲ ಇದೇ ಆಟ.

ಊಟ ಮುಗಿಸಿ ಆಟೋ ಮಾಡಿಕೊಂಡು ಸೀತಾಕಟ್ಟೆ ಸೇತುವೆ ದಾಟಿ ಹೊಳೆಯ ಆಚೆ ಹೋದೆವು. ಅದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಬ್ರಿಟಿಷರ ಕಾಲದಲ್ಲಿ ಆಚೆ ದಡ ಬಾಂಬೆ ಪ್ರಾಂತ್ಯ, ಈಚೆ ದಡ ಮೈಸೂರು ಸಂಸ್ಥಾನ. ಆ ಕಡೆಯ ಹಳೇ ಬಂಗಲೆಯ ಹತ್ತಿರದಿಂದ ರಾಜನ ನೆತ್ತಿಯ ಭಾಗ ಪಕ್ಕದಿಂದ ಕಾಣುತ್ತದೆ. ಬೇಲಿ ದಾಟಬೇಡಿ. ಮಳೆಗಾಲದಲ್ಲಿ ಆ ಬಂಡೆ ಮೇಲಿನ ಪಾಚಿ ಯಾರಪ್ಪನ ಮಾತೂ ಕೇಳುವುದಿಲ್ಲ.

ಆಟೋ ಓಡಿಸಿದವರು ದಾರಿಯುದ್ದಕ್ಕೂ ಮಾತಾಡಿದರು. ಅವರ ಅಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಆ ಕಡೆ ಮುಳುಗಡೆಯವರು ಅಂದರೆ ಎಲ್ಲರಿಗೂ ಗೊತ್ತು. ಮೊದಲು 1948ರ ಹಿರೇಭಾಸ್ಕರ ಅಣೆಕಟ್ಟು, ಆಮೇಲೆ ಲಿಂಗನಮಕ್ಕಿ. ಎರಡನೆಯದರ ನೀರಲ್ಲಿ ಮೊದಲನೆಯ ಅಣೆಕಟ್ಟೇ ಮುಳುಗಿತು, ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮೇಲೇಳುತ್ತದೆ. ಊರು ಬಿಟ್ಟು ಶಿವಮೊಗ್ಗದ ಸುತ್ತಮುತ್ತ ಕಾಡಂಚಿಗೆ ಹೋದ ಎಷ್ಟೋ ಕುಟುಂಬಗಳಿಗೆ ಜಮೀನಿನ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ನಮ್ಮ ಮನೆಯ ಮಿಕ್ಸಿ ತಿರುಗುವುದರಲ್ಲೂ ಆ ಗದ್ದೆಗಳ ಪಾಲಿದೆ ಅಂತ ಇವರು ಅಂದರು. ಆಟೋದವರು ನಕ್ಕು, ನಮ್ಮೂರಲ್ಲಿ ಕರೆಂಟು ಹೋಗಿ ಎರಡು ದಿನ ಆಯ್ತು ಸಾರ್, ಮರ ಬಿದ್ದಿದೆ ಅಂದರು.

ಸಂಜೆ ಮತ್ತೆ ಈಚೆ ದಡಕ್ಕೆ ಬಂದು ಕತ್ತಲಾಗುವವರೆಗೆ ಕೂತೆವು. ಆದರೆ ನಿಜವಾದ ಲಾಭ ಸಿಕ್ಕಿದ್ದು ಭಾನುವಾರ ಬೆಳಗ್ಗೆ. ಗೇಟು ತೆರೆದ ಕೂಡಲೇ ಒಳಗೆ ಹೋದೆವು. ಮಳೆ ಹೊಳವಾಗಿತ್ತು, ಜನ ಬೆರಳೆಣಿಕೆ. ನಾಲ್ಕೂ ಕವಲು ತುದಿಯಿಂದ ತಳದ ಗುಂಡಿಯವರೆಗೆ ಬಿಡಿಸಿಟ್ಟ ಹಾಗೆ ಕಂಡವು. ಬೆಂಗಳೂರಿನ ಗಾಡಿಗಳು ಬರುವ ಹೊತ್ತಿಗೆ ಮೋಡ ಮತ್ತೆ ಇಳಿದಿತ್ತು. ರಾತ್ರಿ ಉಳಿಯದೆ ಇದು ಸಿಗುತ್ತಿರಲಿಲ್ಲ. ಒಂದೇ ದಿನಕ್ಕೆ ಹೋಗುವವರು ಒಂದು ಸಲ ಮಾತ್ರ ಜೋಗ ನೋಡುತ್ತಾರೆ, ಉಳಿದವರಿಗೆ ಮಧ್ಯಾಹ್ನ, ಸಂಜೆ, ಬೆಳಗ್ಗೆ ಅಂತ ಮೂರು ಜೋಗ.

ತಳಕ್ಕೆ ಇಳಿಯುವ ಮೆಟ್ಟಿಲು ಸುಮಾರು 1400. ಮಳೆ ಜೋರಿದ್ದಾಗ ಬಿಡುವುದಿಲ್ಲ, ನಮ್ಮನ್ನೂ ಬಿಡಲಿಲ್ಲ. ಇವರ ಮುಖದಲ್ಲಿ ಸಮಾಧಾನ ಎದ್ದು ಕಾಣುತ್ತಿತ್ತು.

ಎಲ್ಲರೂ ಸಿಗಂದೂರಿಗೆ ಹೋಗಿಬನ್ನಿ ಅಂತಾರೆ. 2025ರಲ್ಲಿ ಹಿನ್ನೀರಿಗೆ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ. ಆದರೂ ನಾವು ಹೋಗಲಿಲ್ಲ. ಎರಡು ದಿನಕ್ಕೆ ಐದು ಜಾಗ ತುರುಕಿದರೆ ಒಂದೂ ನೆನಪಿರುವುದಿಲ್ಲ. ಮಧ್ಯಾಹ್ನ ಸಾಗರಕ್ಕೆ ಬಂದು ಹತ್ತಿರದ ಇಕ್ಕೇರಿ ಒಂದನ್ನು ನೋಡಿದೆವು. ಅಘೋರೇಶ್ವರ ದೇವಸ್ಥಾನ ಕೆಳದಿ ಅರಸರು ಕಟ್ಟಿಸಿದ್ದು. ಗರ್ಭಗುಡಿಯ ಮುಂದಿನ ನೆಲದಲ್ಲಿ ಆ ಅರಸರು ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ, ನೋಡಿಕೊಂಡು ಕಾಲಿಡಬೇಕು. ಹೊರಗಿನ ನಂದಿ ಎಷ್ಟು ದೊಡ್ಡದೆಂದರೆ ಫೋಟೋದಲ್ಲಿ ಇವರು ಅದರ ಕಾಲಿನ ಪಕ್ಕ ಸಣ್ಣ ಹುಡುಗನ ಥರ ಬಂದಿದ್ದಾರೆ.

ರಾತ್ರಿ ಸಾಗರದಲ್ಲೇ ವಾಪಸ್ ರೈಲು ಹತ್ತಿದೆವು. ತುಮಕೂರಿಗೆ ಬೆಳಗಿನ ಜಾವ ಬರುತ್ತದೆ, ಅಲಾರಂ ಇಟ್ಟುಕೊಂಡು ಮಲಗಿ, ಇಲ್ಲವಾದರೆ ಯಶವಂತಪುರದಲ್ಲಿ ಏಳುತ್ತೀರಿ. ರೂಮು, ಊಟ, ರೈಲು, ಆಟೋ ಎಲ್ಲ ಸೇರಿ ಇಬ್ಬರಿಗೂ ಆರು ಸಾವಿರದೊಳಗೆ ಮುಗಿಯಿತು. ಒದ್ದೆ ಬಟ್ಟೆಗೆ ಎರಡು ದಪ್ಪ ಪ್ಲಾಸ್ಟಿಕ್ ಕವರ್, ಜಾರದ ಚಪ್ಪಲಿ, ಮೈಗೆ ರೇನ್‌ಕೋಟು ಇರಲಿ. ಕೊಡೆ ಮನೆಯಲ್ಲೇ ಬಿಡಿ. ಮಳೆ ಮುಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಮೆಟ್ಟಿಲು ಇಳಿಯೋಣ ಅಂತ ನಾನು ಹೇಳುತ್ತಿದ್ದೇನೆ. ಆಗ ನೀರೇ ಇರುವುದಿಲ್ಲ ಅನ್ನುವುದು ಇವರ ವಾದ. ವಾದ ಸರಿಯೇ, ಆದರೆ ಅಸಲಿ ಕಾರಣ ಮೊಣಕಾಲು.