ನಾಯಿ, ಬೆಕ್ಕಿಗೆ ಒಳ್ಳೆಯ ಡಾಕ್ಟರನ್ನು ಹುಡುಕುವುದು ಹೇಗೆ?

ಮರಿ ಮನೆಗೆ ಬಂದ ವಾರದಲ್ಲೇ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ. ಪಾರ್ವೋ ಎಂಬ ವೈರಸ್ ರೋಗ ಬಂದು ಮರಿ ರಾತ್ರಿಯೆಲ್ಲ ವಾಂತಿ, ರಕ್ತಭೇದಿ ಮಾಡಿಕೊಳ್ಳುವಾಗ ಫೋನ್ ಹಿಡಿದು ಹುಡುಕೋಕೆ ಕೂತರೆ, ಸಿಕ್ಕವರ ಹತ್ತಿರ ಓಡಬೇಕಾಗುತ್ತದೆ ಅಷ್ಟೆ.

ಮೊದಲು, ಅವರು ನಿಜಕ್ಕೂ ಡಾಕ್ಟರಾ ಅಂತ ತಿಳಿದುಕೊಳ್ಳಿ. ಅಂಗಡಿಯಲ್ಲಿ ಇಂಜೆಕ್ಷನ್ ಚುಚ್ಚುವವರು, ಮರಿ ಮಾರಿದವರು ಕಳಿಸುವ ಹುಡುಗ, ಇವರೆಲ್ಲ ಡಾಕ್ಟರೇ ಆಗಿರಬೇಕು ಅಂತೇನಿಲ್ಲ. ಪಶುವೈದ್ಯ ಪದವಿಯಾದ ಬಿ.ವಿ.ಎಸ್‌ಸಿ. ಓದಿರಬೇಕು, ಕರ್ನಾಟಕ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ನೋಂದಣಿ ನಂಬರ್ ಕೇಳೋಕೆ ಸಂಕೋಚ ಬೇಡ.

ಮೊದಲ ಸಲ ಹೋದಾಗ ಡಾಕ್ಟರ್ ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ಗಮನವಿಟ್ಟು ನೋಡಿ, ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಅಳತೆಗೋಲು ಇಲ್ಲ. ಒಳ್ಳೆಯ ಡಾಕ್ಟರ್ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ತುಟಿ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಟ್ಟು ಕೆಂಪು ಬಣ್ಣ ಎಷ್ಟು ಬೇಗ ವಾಪಸ್ ಬರುತ್ತದೆ ಅಂತ ನೋಡುತ್ತಾರೆ, ಹೊಟ್ಟೆ ಮುಟ್ಟುತ್ತಾರೆ, ಮಧ್ಯೆ ಮಧ್ಯೆ ಏನು ತಿಂತು, ನೀರು ಕುಡೀತಿದೆಯಾ ಅಂತ ಕೇಳುತ್ತಲೇ ಇರುತ್ತಾರೆ. ನೀವು ಕೂರುವ ಮುಂಚೆಯೇ ಸಿರಿಂಜ್ ತುಂಬಿಸುವವರು ಬೇಡ.

ನಮ್ಮಲ್ಲಿ ಉಣ್ಣಿ ಹುಳ ಕಚ್ಚಿ ಬರುವ ಜ್ವರ ಜಾಸ್ತಿ. ನಾಯಿ ಊಟ ಬಿಟ್ಟು ಮಂಕಾಗಿ ಕೂತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ನೋಡಿ ಔಷಧಿ ಕೊಡುವವರು ಬೇಕು. ಯಾಕಂದ್ರೆ ಈ ಜ್ವರ ತರುವ ರೋಗಾಣುಗಳಲ್ಲಿ ಎರ್ಲಿಚಿಯಾಗೆ ಕೊಡುವ ಔಷಧಿ ಬೇರೆ, ಬೆಬೀಸಿಯಾಗೆ ಕೊಡುವುದು ಬೇರೆ.

ಲಸಿಕೆ ಫ್ರಿಜ್‌ನಿಂದ ತೆಗೆಯುತ್ತಾರಾ ನೋಡಿ, ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಾಟಲಿಯ ಸ್ಟಿಕ್ಕರ್ ನಿಮ್ಮ ಪುಸ್ತಕಕ್ಕೆ ಅಂಟಿಸಿ ತಾರೀಖು, ಸಹಿ ಹಾಕಬೇಕು. ಮರಿಗೆ 6-8 ವಾರಕ್ಕೆ ಶುರುವಾದ ಲಸಿಕೆ 16 ವಾರ ಆಗುವವರೆಗೂ 3-4 ವಾರಕ್ಕೊಮ್ಮೆ ಬೇಕಾಗುತ್ತದೆ. ಒಂದೇ ಸಾಕು ಅಂದರೆ ನಂಬಬೇಡಿ.

ಬೆಕ್ಕು ಸಾಕಿದ್ದರೆ ಬೆಕ್ಕುಗಳನ್ನು ಜಾಸ್ತಿ ನೋಡಿ ಅನುಭವ ಇರುವವರನ್ನೇ ಹುಡುಕಿ. ಬೆಕ್ಕು ಅಂದರೆ ಚಿಕ್ಕ ನಾಯಿ ಅಲ್ಲ, ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಅದರ ಜೀವ ತೆಗೆಯಬಲ್ಲದು.

ಆಪರೇಷನ್ ಇದ್ದರೆ ಮುಂಚೆ ರಕ್ತ ಪರೀಕ್ಷೆ ಮಾಡ್ತೀರಾ, ಅರಿವಳಿಕೆ ಕೊಟ್ಟ ಮೇಲೆ ಉಸಿರಾಟ ಯಾರು ನೋಡ್ತಾರೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತ ನೇರವಾಗಿ ಕೇಳಿ. ಖರ್ಚು ಎಷ್ಟಾಗುತ್ತದೆ ಅಂತಲೂ ಮೊದಲೇ ಕೇಳಿ.

ದೊಡ್ಡ ಖಾಸಗಿ ಆಸ್ಪತ್ರೆಯೇ ಆಗಬೇಕು ಅಂತೇನಿಲ್ಲ. ಬೆಂಗಳೂರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಪಾಠ ಹೇಳುವ ಡಾಕ್ಟರುಗಳೇ ಸಿಗುತ್ತಾರೆ, ಕಾಯಬೇಕಾಗಬಹುದು, ಬೆಳಿಗ್ಗೆ ಬೇಗ ಹೋಗಿ. ಊರಿನ ಪಶು ಆಸ್ಪತ್ರೆಯ ಡಾಕ್ಟರ್ ದಿನವೆಲ್ಲ ಹಸು, ಎಮ್ಮೆ ನೋಡುತ್ತಿದ್ದರೂ ನಾಯಿಗೂ ಚೆನ್ನಾಗಿ ನೋಡುವವರು ಇದ್ದಾರೆ, ಒಮ್ಮೆ ಹೋಗಿ ಮಾತಾಡಿ.

ಸಮಾಧಾನ ಆಗದಿದ್ದರೆ ಡಾಕ್ಟರನ್ನು ಬದಲಾಯಿಸಿ, ಆದರೆ ಹಳೆಯ ಚೀಟಿ, ರಿಪೋರ್ಟ್, ಲಸಿಕೆ ಪುಸ್ತಕ ಎಲ್ಲ ಜೊತೆಗೆ ತೆಗೆದುಕೊಂಡು ಹೋಗಿ. ಹೊಸಬರು ಅದನ್ನು ಪೂರ್ತಿ ಓದಿದ ಮೇಲೆ ಔಷಧಿ ಬರೆಯಲಿ.